ಕೆಟ್ಟವರ ಡ್ರಮ್ಮು

ಲಾಂಡ್ರಿಯವನ ಪಾಲಿಗೆ ಪ್ರಪಂಚದಲ್ಲಿ ಇರುವುದು ಎರಡೇ ಪಂಗಡ: ಬಿಳಿ ಮತ್ತು ಬಣ್ಣ. ಬಿಳಿಯದು ದೊಡ್ಡ ಡ್ರಮ್ಮಿಗೆ, ಬಣ್ಣದ್ದು ಸಣ್ಣ ಡ್ರಮ್ಮಿಗೆ. ಈ ಒಂದು ನಿಯಮ ಪಾಲಿಸಿಕೊಂಡು ಹೋದರೆ ಆಯುಷ್ಯವೆಲ್ಲ ನೆಮ್ಮದಿಯಾಗಿ ಕಳೆಯಬಹುದು ಎಂದು ಸುಕ್ಕಣ್ಣನಿಗೆ ಕೆಲಸ ಕಲಿಸಿದವರು ಹೇಳಿದ್ದರು. ಅವನೂ ಹಾಗೆಯೇ ನಡೆದುಕೊಂಡಿದ್ದ. ಆ ಒಂದು ಶುಕ್ರವಾರ ಮಾತ್ರ ಬಟ್ಟೆಗಳನ್ನು ಬಣ್ಣ ನೋಡಿ ಬೇರೆ ಮಾಡಲಿಲ್ಲ, ನಡತೆ ನೋಡಿ ಬೇರೆ ಮಾಡಿದ. ಆದ ಅನಾಹುತಕ್ಕೆಲ್ಲ ಅದೇ ಮೂಲ.

ಸುಕ್ಕಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಯಾರ ಅಂಗಿಯ ಮೇಲೆ ಸುಕ್ಕು ಕಂಡರೂ ಅವನ ಕೈ ತಾನಾಗಿ ಅಲ್ಲಿಗೆ ಹೋಗಿ ಸವರುತ್ತಿತ್ತು. ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತಿದ್ದ ಅಪರಿಚಿತರ ಬೆನ್ನು ಸವರಿ, ಅವರು ತಿರುಗಿ ಗುರಾಯಿಸಿದಾಗ, ಕಾಲರಿನ ಹತ್ತಿರ ಒಂದು ಮಡಿಕೆ ಇತ್ತು ಎಂದು ವಿನಯದಿಂದ ವರದಿ ಒಪ್ಪಿಸಿದ್ದ. ಊರವರ ಬಟ್ಟೆಯ ಸುಕ್ಕನ್ನೆಲ್ಲ ತೆಗೆದು ತೆಗೆದು ತನ್ನ ಹಣೆಯ ಮೇಲೆ ಜೋಡಿಸಿಟ್ಟುಕೊಂಡಿದ್ದಾರೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಚಿಂತೆ ಮಾಡುವುದರಲ್ಲಿ ಅವನಷ್ಟು ಶ್ರದ್ಧೆ ಇದ್ದವರು ಕಡಿಮೆ.

'ಶನಿವಾರದ ಮಹಾಕುಸ್ತಿ' ಎಂಬ ಟಿವಿ ಕಾರ್ಯಕ್ರಮವನ್ನು ನೋಡದವರು ಆ ಬೀದಿಯಲ್ಲಿ ಇರಲಿಲ್ಲ. ಅದು ಶುರುವಾದರೆ ಔಷಧಿ ಅಂಗಡಿಗೆ ಬಂದ ಕೆಮ್ಮಿನವರೂ ಕೆಮ್ಮು ತಡೆದುಕೊಂಡು ಟಿವಿಯ ಮುಂದೆ ನಿಲ್ಲುತ್ತಿದ್ದರು. ಅಂಥ ಮಹಾಕುಸ್ತಿ ಈ ಸಲ ಅವರ ಊರಿನ ಕ್ರೀಡಾಂಗಣಕ್ಕೇ ಬಂದಿಳಿದಿತ್ತು, ಅದೂ ಚಾಂಪಿಯನ್ ಬೆಲ್ಟಿನ ಪಂದ್ಯಕ್ಕೆ. ಶುಕ್ರವಾರ ಬೆಳಿಗ್ಗೆ, ಕುಸ್ತಿಪಟುಗಳ ಉಡುಪು ನೋಡಿಕೊಳ್ಳುವ ಹೆಂಗಸೊಬ್ಬರು ಕಿವಿಗೆ ಫೋನು ಅಂಟಿಸಿಕೊಂಡೇ ಅಂಗಡಿಯೊಳಗೆ ಬಂದರು. ದೊಡ್ಡ ಚೀಲವೊಂದನ್ನು ಮೇಜಿನ ಮೇಲೆ ಇಳಿಸಿ, ನಾಳೆ ಮಧ್ಯಾಹ್ನದೊಳಗೆ ಬೇಕು ಎಂದು ಕೈಸನ್ನೆಯಲ್ಲೇ ತಿಳಿಸಿ, ಫೋನಿನಲ್ಲಿ ಇನ್ಯಾರನ್ನೋ ಬೈಯುತ್ತ ಹೊರಟು ಹೋದರು.

ಸುಕ್ಕಣ್ಣ ಮೊದಲು ಮಾಡಿದ ಕೆಲಸ ಚೀಲ ಬಿಚ್ಚಿದ್ದಲ್ಲ. ಒಂದು ರಟ್ಟಿನ ಮೇಲೆ 'ಮಹಾಕುಸ್ತಿಯ ಅಧಿಕೃತ ಲಾಂಡ್ರಿ' ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದ. ಒಂದು ಚೀಲ ಬಂದ ಮಾತ್ರಕ್ಕೆ ಅಧಿಕೃತ ಹೇಗಾಗುತ್ತೆ ಎಂದು ಹೆಂಡತಿ ಕೇಳಿದಳು. ಅದೇ ಚಿಂತೆ ಅವನಿಗೂ ಇತ್ತು. ಆದರೆ ಅಷ್ಟರಲ್ಲಿ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದು ರಟ್ಟನ್ನು ಓದುತ್ತ ನಿಂತಿದ್ದ. ಅವನ ಹಿಂದೆ ನೊರೆ ಮೆತ್ತಿದ ಆ ಗಿರಾಕಿಯೂ ಬಂದು ಓದುತ್ತ ನಿಂತಿದ್ದ. ಇನ್ನು ಇಳಿಸುವುದು ಚೆನ್ನಾಗಿರುವುದಿಲ್ಲ. ಹೆಂಡತಿ ಇಸ್ತ್ರಿಯಾದ ಬಟ್ಟೆ ಮನೆಮನೆಗೆ ಮುಟ್ಟಿಸಲು ಹೋದಳು. ಅವಳು ಆ ಹೊತ್ತಿಗೆ ಹೋಗದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಏಕೆಂದರೆ ಅಂಗಡಿಯಲ್ಲಿ ಉಳಿದವರು ಮಾವ. ಹೆಂಡತಿಯ ತಂದೆ, ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮುಖ ನೋಡಿದರೆ ಸಾಕು, ಯಾರು ಟಿಕೆಟ್ ತೆಗೆದಿದ್ದಾರೆ, ಯಾರು ತೆಗೆದಿಲ್ಲ ಎಂದು ಹೇಳಬಲ್ಲೆ ಎನ್ನುವುದು ಅವರ ವಾದ. ಮಹಾಕುಸ್ತಿಯ ಪ್ರತಿಯೊಬ್ಬನನ್ನೂ ಅವರು ಈ ಪರೀಕ್ಷೆಗೆ ಒಳಪಡಿಸಿ ತೀರ್ಪು ಕೊಟ್ಟಾಗಿತ್ತು. ಆ ಕುಸ್ತಿಯ ಬಗ್ಗೆ 'ನಾಟಕ' ಎಂಬ ಪದವನ್ನು ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ಮಗಳು ಒಮ್ಮೆ ಆಡಿದ್ದಕ್ಕೆ ಅವರು ಎರಡು ಹೊತ್ತು ಊಟ ಬಿಟ್ಟಿದ್ದರು.

ಸುಕ್ಕಣ್ಣ ಚೀಲದ ದಾರ ಬಿಚ್ಚಿದ. ಮಾವ ಎದ್ದು ನಿಂತರು.

ಮೊದಲು ಬಂದದ್ದು ನೀಲಿ ಚಡ್ಡಿ, ನೀಲಿ ಬನಿಯನ್ನು. ಅದು ಬಂಡೆಯದು. ಬಂಡೆ ಎಂದರೆ ಚಾಂಪಿಯನ್. ಬೆಲ್ಟು ಅವನ ಸೊಂಟದಲ್ಲೇ ಇತ್ತು. ಬಿದ್ದ ಎದುರಾಳಿಯನ್ನು ತಾನೇ ಕೈಕೊಟ್ಟು ಎಬ್ಬಿಸುವ ಧರ್ಮಾತ್ಮ. ಸುಕ್ಕಣ್ಣ ಆ ಬನಿಯನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅದರೊಳಗೆ ಅವನಂಥವರು ಮೂವರು ಸಂಸಾರ ಹೂಡಬಹುದಿತ್ತು.

ಆಮೇಲೆ ಬಂದದ್ದು ಮೊಣಕಾಲಿಗಿಂತ ಕೆಳಗೆ ಇಳಿಯುವ, ಹಾಲಿನಂಥ ಬಿಳಿಯ ಡಾಕ್ಟರ ಕೋಟು. ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಅದು ಡಾಕ್ಟರ್ ಯಮನದು. ಆ ಮನುಷ್ಯ ಅಖಾಡಕ್ಕೆ ಬಂದರೆ ಮೊದಲು ಎದುರಾಳಿಯ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದ. ಗಡಿಯಾರ ನೋಡುತ್ತಿದ್ದ. ಕ್ಯಾಮೆರಾದ ಕಡೆ ತಿರುಗಿ, ಆಸೆ ಇಲ್ಲ ಎಂಬಂತೆ ತಲೆಯಾಡಿಸುತ್ತಿದ್ದ. ಚಿಕಿತ್ಸೆ ಶುರುವಾಗುತ್ತಿದ್ದದ್ದು ಆಮೇಲೆ. ಹೋದ ಶನಿವಾರ ಸ್ಟೀಲ್ ತಟ್ಟೆಯಿಂದ ಬಂಡೆಯ ಹಣೆಗೆ ಚಿಕಿತ್ಸೆ ಮಾಡಿ ರಕ್ತ ಹರಿಸಿದ್ದ. ಟಿವಿಯವರು ಹೆದರಿ ಜಾಹೀರಾತು ಹಾಕಿದ್ದರು. ಈ ಸಲ ಬೆಲ್ಟಿಗಾಗಿ ಬಂಡೆಯ ಮೇಲೆ ಬೀಳುವವನು ಅವನೇ.

ಕೊನೆಗೆ ಒಂದು ಕೆಂಪು ಶಾಲು. ಅದು ಬೆಂಕಿಯದು. ಬೆಂಕಿ ಹೋದ ತಿಂಗಳವರೆಗೂ ಬಂಡೆಯ ಒಡಹುಟ್ಟಿದವನಂತಿದ್ದವನು. ಒಂದು ದಿನ ಅಖಾಡದ ಹಿಂದಿನ ಓಣಿಯಲ್ಲಿ ಮಡಚುವ ಕುರ್ಚಿಯಿಂದ ಅಣ್ಣನ ಬೆನ್ನಿಗೆ ಹೊಡೆದು ಯಮನ ಕಡೆ ಸೇರಿಕೊಂಡಿದ್ದ.

"ನೋಡಿ ಅಳಿಯಂದಿರೆ," ಎಂದರು ಮಾವ, ದನಿ ತಗ್ಗಿಸಿ. "ನಾಳೆ ಹೊಡೆದಾಡೋರ ಬೆವರು ಇವತ್ತು ಒಂದೇ ನೀರಲ್ಲಿ ಸೇರೋದು ಸರಿ ಅಲ್ಲ. ಬಂಡೆಗೆ ಏನಾದ್ರೂ ಆದ್ರೆ ಪಾಪ ನಮಗೆ ಸುತ್ಕೊಳ್ಳುತ್ತೆ."

ಅಧಿಕೃತ ಲಾಂಡ್ರಿಯವನಿಗೆ ಜವಾಬ್ದಾರಿ ಹೆಚ್ಚು. ಸುಕ್ಕಣ್ಣನ ಹಣೆಯಲ್ಲಿ ಹೊಸ ಸುಕ್ಕೊಂದು ಮೂಡಿತು. ಹಾಗಾದರೆ ಒಳ್ಳೆಯವರದು ಸಣ್ಣ ಡ್ರಮ್ಮಿಗೆ, ಕೆಟ್ಟವರದು ದೊಡ್ಡ ಡ್ರಮ್ಮಿಗೆ ಎಂದು ತೀರ್ಮಾನವಾಯಿತು. ಬಂಡೆ ಸಲೀಸಾಗಿ ಸಣ್ಣದಕ್ಕೆ ಹೋದ. ಯಮ ದೊಡ್ಡದಕ್ಕೆ ಹೋದ. ತಕರಾರು ಬಂದದ್ದು ಬೆಂಕಿಯ ವಿಷಯದಲ್ಲಿ. ಅವನು ಹೋದ ವಾರ ಕ್ಯಾಮೆರಾದ ಮುಂದೆ ಕಣ್ಣೀರು ಹಾಕಿದ್ದನ್ನು ಸುಕ್ಕಣ್ಣ ನೆನಪಿಸಿದ. ಮನಸ್ಸು ಬದಲಾಗಿರಬಹುದು, ಒಳ್ಳೆಯವರ ಜೊತೆ ಹಾಕೋಣ ಎಂದ. ಮೊದಲ ದಿನವೇ ಅವನದು ಟಿಕೆಟ್ ತೆಗೆದವನ ಮುಖ ಅಲ್ಲ ಎಂದು ತಾವು ಹೇಳಿದ್ದನ್ನು ಮಾವ ನೆನಪಿಸಿದರು. ಔಷಧಿ ಅಂಗಡಿಯವರನ್ನು ಕರೆಸಿ ಅಭಿಪ್ರಾಯ ಕೇಳಲಾಯಿತು. ಅವರು ಕನ್ನಡಕ ಒರೆಸಿಕೊಂಡು, ಅತ್ತದ್ದು ನಿಜ, ಆದರೆ ಒಂದೇ ಕಣ್ಣಿನಲ್ಲಿ ಅತ್ತ ಎಂದರು. ಅಲ್ಲಿಗೆ ವಾದ ಮುಗಿಯಿತು. ಕೆಂಪು ಶಾಲು ಕೆಟ್ಟವರ ಡ್ರಮ್ಮಿಗೆ ಬಿತ್ತು.

ನ್ಯಾಯ ಮಾಡಿದ ತೃಪ್ತಿಯಲ್ಲಿ ಮಾವ ಅಳಿಯ ಇಬ್ಬರೂ ಕಾಫಿ ಕುಡಿದರು. ಸುಕ್ಕಣ್ಣ ಲೋಟ ಕೆಳಗಿಟ್ಟು ಡ್ರಮ್ಮಿನ ಗಾಜಿನ ಕಡೆ ನೋಡಿದಾಗ ನೊರೆ ಗುಲಾಬಿ ಬಣ್ಣದ್ದಾಗಿತ್ತು. ಬಾಗಿಲಿನಿಂದ ಬಿದ್ದ ಬಿಸಿಲಿರಬಹುದು ಎಂದು ಬಾಗಿಲು ಮುಚ್ಚಿ ನೋಡಿದ. ಇನ್ನೂ ಗುಲಾಬಿಯಾಗಿತ್ತು.

ಅಷ್ಟರಲ್ಲಿ ಹೆಂಡತಿ ವಾಪಸು ಬಂದಳು. ಮೇಜಿನ ಮೇಲೆ ಕೋಟು ಮಲಗಿತ್ತು. ಹಸುಗೂಸಿನ ಕುಲಾವಿಗೆ ಒಪ್ಪುವಂಥ ಮುದ್ದಾದ ಗುಲಾಬಿ ಬಣ್ಣ, ಕಾಲರಿನಿಂದ ಅಂಚಿನವರೆಗೆ ಒಂದೇ ಸಮ.

"ಯಾರ್ರೀ ಬಿಳಿ ಜೊತೆ ಕೆಂಪು ಹಾಕಿದ್ದು?"

"ಬಿಳಿ ಜೊತೆ ಕೆಂಪು ಹಾಕಿಲ್ಲ ಕಣೆ," ಎಂದ ಸುಕ್ಕಣ್ಣ ಕ್ಷೀಣವಾಗಿ. "ಕೆಟ್ಟವರ ಜೊತೆ ಕೆಟ್ಟವರನ್ನ ಹಾಕಿದ್ವಿ."

ಅವಳು ತಂದೆಯ ಕಡೆ ತಿರುಗಿದಳು. ಮಾವ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮೊದಲ ಸಲ ಸೋಪಿನ ಪುಡಿಯಲ್ಲಿ ಒಗೆದದ್ದಾಯಿತು. ಎರಡನೆಯ ಸಲ, ಇದಕ್ಕೆ ಸೋತ ಕಲೆಯೇ ಇಲ್ಲ ಎಂದು ಔಷಧಿ ಅಂಗಡಿಯವರು ತಂದುಕೊಟ್ಟ ಪುಡಿಯಲ್ಲಿ ಒಗೆದ. ಅವರ ಉದ್ದೇಶ 'ಸೋಲದ ಕಲೆಯೇ ಇಲ್ಲ' ಎನ್ನುವುದಾಗಿತ್ತು, ಗಾಬರಿಯಲ್ಲಿ ಮಾತು ತಿರುಗಿತ್ತು. ಆದರೆ ಹೇಳಿದಂತೆಯೇ ಆಯಿತು. ಮೂರನೆಯ ಸಲ ಕುದಿಯುವ ನೀರಿನಲ್ಲಿ, ತೋಳು ಸುಟ್ಟುಕೊಂಡು, ಕೈಯಲ್ಲೇ ಉಜ್ಜಿದ. ಕೋಟು ಹತ್ತಿಯದಾಗಿದ್ದರೆ ದಾರಿಗೆ ಬರುತ್ತಿತ್ತೇನೋ. ಅದು ಹೊಳೆಯುವ ಜಾತಿಯ ಬಟ್ಟೆ. ಹಿಡಿದ ಬಣ್ಣವನ್ನು ಬಿಡುವುದೇ ಇಲ್ಲ ಎಂದು ಹಟ ಹಿಡಿದಿತ್ತು.

ತಾರಸಿಯ ತಂತಿಯ ಮೇಲೆ ಅದು ಗಾಳಿಗೆ ತೋಳು ಬೀಸುತ್ತ ನೇತಾಡಿದಾಗ ಬೀದಿಗೆ ಬೀದಿಯೇ ಕತ್ತೆತ್ತಿ ನೋಡಿತು. ಕ್ಷೌರದಂಗಡಿಯವನು ಡಾಕ್ಟರ್ ಯಮ ಕೋಪ ಬಂದಾಗ ಹಾಕುವ 'ಕೊನೆಯ ಇಂಜೆಕ್ಷನ್' ಎಂಬ ಪಟ್ಟನ್ನು ತನ್ನ ಗಿರಾಕಿಯ ಕುತ್ತಿಗೆಯ ಮೇಲೆ ಹಾಕಿ ತೋರಿಸಿದ. ಗಿರಾಕಿ ಕುತ್ತಿಗೆ ಸವರಿಕೊಳ್ಳುತ್ತ ಎದ್ದು ಹೋದ. ಎದುರುಮನೆಯ ಪೊಲೀಸ್ ದಫೇದಾರರಂತೂ ರಕ್ಷಣೆ ಕೊಡಿಸಲೆಂದು ಸುಕ್ಕಣ್ಣನನ್ನು ಕೈಹಿಡಿದು ಠಾಣೆಗೇ ಕರೆದುಕೊಂಡು ಹೋದರು. ಇನ್‌ಸ್ಪೆಕ್ಟರು ಕಥೆಯನ್ನೆಲ್ಲ ಗಂಭೀರವಾಗಿ ಕೇಳಿದರು. ಕೋಟು ಯಾವುದು, ಬಿಳಿ ಕೋಟೇ ಎಂದು ಎರಡು ಸಲ ವಿಚಾರಿಸಿದರು. ಆಮೇಲೆ ಬಾಗಿಲು ಮುಚ್ಚಿ, ತಾವು ಮನಸ್ಸು ಮಾಡಿದರೆ ಯಮನನ್ನು ಕರೆಸಿ ಎಚ್ಚರಿಕೆ ಕೊಡಬಹುದು, ಆದರೆ ಬೆಲ್ಟಿನ ಪಂದ್ಯ ಇಟ್ಟುಕೊಂಡು ಅವನ ಮನಸ್ಸು ಕೆಡಿಸುವುದು ಇಲಾಖೆಗೆ ಶೋಭೆಯಲ್ಲ, ಏನಿದ್ದರೂ ಭಾನುವಾರ ನೋಡೋಣ ಎಂದರು. ಭಾನುವಾರದವರೆಗೆ ತಾನು ಇರುತ್ತೇನೆಯೇ ಎಂದು ಸುಕ್ಕಣ್ಣ ಕೇಳಿದ. ಇನ್‌ಸ್ಪೆಕ್ಟರು ಸುಳ್ಳು ಭರವಸೆ ಕೊಡುವ ಜನವಲ್ಲ. ನೀರು ಕುಡಿಸಿ ಕಳಿಸಿದರು.

ಶನಿವಾರ ಮಧ್ಯಾಹ್ನ ಸುಕ್ಕಣ್ಣ ಕೋಟಿಗೆ ತನ್ನ ಜೀವಮಾನದ ಅತ್ಯುತ್ತಮ ಇಸ್ತ್ರಿ ಮಾಡಿದ. ಮಡಿಕೆಯ ಗೆರೆಯಲ್ಲಿ ಹಣ್ಣು ಕತ್ತರಿಸಬಹುದಿತ್ತು. ಚೀಲವನ್ನು ಬಾಗಿಲಲ್ಲಿ ಇಟ್ಟು ಓಡಿಬನ್ನಿ ಎಂದು ಬೀದಿಯವರು ಸಲಹೆ ಕೊಟ್ಟರು. ಅದು ಅವನಿಂದಾಗದು. ಕೆಡಿಸಿದವನು ಎದುರಿಗೆ ನಿಂತು ಹೇಳಬೇಕು, ಇಲ್ಲದಿದ್ದರೆ ನಾಳೆಯಿಂದ ಯಾರ ಅಂಗಿಯನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು. ಕೋಟಂತೂ ಹೋಯಿತು, ಅಂಗಡಿಯ ಹೆಸರಾದರೂ ಉಳಿಯಲಿ ಎಂಬುದೊಂದೇ ಅವನ ಆಸೆ. ಮಾವ ಒಂಟಿಯಾಗಿ ಕಳಿಸಲು ಒಪ್ಪಲಿಲ್ಲ. ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಹೊರಟಳು.

"ಅದೆಲ್ಲ ನಾಟಕ ಅಪ್ಪ," ಎಂದಳು ದಾರಿಯಲ್ಲಿ. "ಏನೂ ಮಾಡಲ್ಲ ಅವರು."

ಮಾವ ಊಟ ಬಿಡುವ ಸ್ಥಿತಿಯಲ್ಲಿರಲಿಲ್ಲ. ಕೇಳಿಸದವರಂತೆ ನಡೆದರು.

ಕ್ರೀಡಾಂಗಣದ ಹಿಂಬಾಗಿಲಿನ ಕಾವಲಿನವನು ಒಬ್ಬನನ್ನು ಮಾತ್ರ ಒಳಗೆ ಬಿಟ್ಟ. ಉದ್ದನೆಯ ಓಣಿ. ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳ ಸಾಲು ಕಂಡು ಸುಕ್ಕಣ್ಣ ಚೀಲವನ್ನು ಅವಚಿಕೊಂಡ. ಇಂಥದ್ದೇ ಓಣಿಯಲ್ಲಿ, ಇಂಥದ್ದೇ ಒಂದು ಕುರ್ಚಿಯಿಂದ ಬೆಂಕಿ ಬಂಡೆಗೆ ಹೊಡೆದಿದ್ದ. ಕೊನೆಯ ಬಾಗಿಲು ತಳ್ಳಿದ.

ಯಾರದೋ ಮನೆಯ ಬಚ್ಚಲ ಬಾಗಿಲು ತಪ್ಪಿ ತೆರೆದಂತಾಯಿತು. ಕೋಣೆಯಲ್ಲಿ ಒಳ್ಳೆಯವರು ಕೆಟ್ಟವರು ಎಲ್ಲ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ದ್ರೋಹಿ ಬೆಂಕಿ ತನ್ನ ಫೋನಿನಲ್ಲಿ ಏನೋ ತೋರಿಸುತ್ತಿದ್ದ, ಬಂಡೆ ಅವನ ಹೆಗಲಿಗೆ ಗಲ್ಲ ಊರಿ ನೋಡುತ್ತಿದ್ದ. ಬಂಡೆಯ ಹಣೆಗೆ ನಿಜವಾದ ಪಟ್ಟಿ ಇತ್ತು. ಅದರ ಎದ್ದ ಅಂಚನ್ನು ಬೆಟ್ಟದಂಥ ಮನುಷ್ಯನೊಬ್ಬ, ಮೂಗಿನ ತುದಿಯಲ್ಲಿ ಕನ್ನಡಕ, ಕುತ್ತಿಗೆಗೆ ಬಿಸಿನೀರಿನ ಚೀಲ ಕಟ್ಟಿಕೊಂಡು, ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ಅಂಟಿಸುತ್ತಿದ್ದ. ಹೋದ ವಾರ ತಟ್ಟೆ ಸ್ವಲ್ಪ ಜೋರಾಗಿ ಬಿತ್ತು ಅಲ್ವಾ ಎಂದು ಕೇಳುತ್ತಿದ್ದ. ಸುಕ್ಕಣ್ಣ ನಾಚಿ ಮುಖ ತಿರುಗಿಸಿದ.

ಉಡುಪಿನ ಹೆಂಗಸು ಚೀಲ ಕಿತ್ತುಕೊಂಡು ಬಿಚ್ಚಿದರು. ಮೊದಲ ಸಲ ಅವರ ಕಿವಿಯಿಂದ ಫೋನು ಕೆಳಗಿಳಿಯಿತು. ಇನ್ನೊಂದು ಕೋಟು ಹೋದ ವಾರವೇ ಹರಿದಿದೆ, ಇರುವುದು ಇದೊಂದೇ ಎಂದು ಅವರು ಯಾರಿಗೂ ಅಲ್ಲದೆ ಹೇಳಿಕೊಂಡರು. ಬೆಂಚಿನವರೆಲ್ಲ ಚಹಾ ಬಿಟ್ಟು ನೋಡಿದರು.

ಡಾಕ್ಟರ್ ಯಮ ಎದ್ದ. ಏಳುವುದು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೋಟನ್ನು ಬೆಳಕಿಗೆ ಹಿಡಿದು ನೋಡಿ, ಸುಕ್ಕಣ್ಣನ ಮುಂದೆ ಬಂದು ನಿಂತ. ಅವನ ನೆರಳಿನಲ್ಲಿ ತಂಪಾಯಿತು.

"ನಮ್ಮ ಕಸುಬಲ್ಲಿ ಜನ ಬೈದ್ರೆ ಊಟ, ನಕ್ರೆ ಮನೆಗೆ," ಎಂದ. ಕೋಪವಿರಲಿಲ್ಲ, ದಣಿದ ದನಿ. "ಇವತ್ತು ನಗ್ತಾರೆ. ಹೆಂಗಾಯ್ತು ಇದು?"

ಸುಕ್ಕಣ್ಣ ಎಲ್ಲವನ್ನೂ ಹೇಳಿಬಿಟ್ಟ. ಸುಳ್ಳು ಕಟ್ಟುವ ಶಕ್ತಿ ಅವನಿಗೆ ಮೊದಲಿನಿಂದಲೂ ಕಡಿಮೆ. ಬೆವರು ಬೆರೆಯಬಾರದೆಂದು ಮಾವ ಹೇಳಿದ್ದನ್ನೂ, ಒಳ್ಳೆಯವರನ್ನು ಒಂದು ಡ್ರಮ್ಮಿಗೆ, ಕೆಟ್ಟವರನ್ನು ಒಂದು ಡ್ರಮ್ಮಿಗೆ ಹಾಕಿದ್ದನ್ನೂ ಹೇಳಿದ. ಯಮ ಕೋಟನ್ನು ಕೆಳಗಿಳಿಸಿದ.

"ನನ್ನ ಯಾವುದಕ್ಕೆ ಹಾಕ್ದೆ?"

"ಕೆಟ್ಟವರದಕ್ಕೆ ಸಾರ್. ನಿಮ್ಮ ವಿಷಯದಲ್ಲಿ ಮನೇಲಿ ಚರ್ಚೇನೇ ಬರ್ಲಿಲ್ಲ."

ಯಮನ ಮುಖದಲ್ಲಿ ಏನೋ ಕರಗಿತು. ಅಷ್ಟರಲ್ಲಿ ಬೆಂಕಿ ಬೆಂಚಿನಿಂದ ಎದ್ದು ಬಂದ. "ನನ್ನ?" ಎಂದು ಕೇಳಿದ. ಪರೀಕ್ಷೆಯ ಫಲಿತಾಂಶ ಕೇಳುವವನ ಹಾಗಿದ್ದ.

"ನಿಮ್ಮ ಬಗ್ಗೆ ಸ್ವಲ್ಪ ಜಗಳ ಆಯ್ತು ಸಾರ್. ನೀವು ಅತ್ರಲ್ಲ, ಅದಕ್ಕೆ. ಕೊನೆಗೆ ಕೆಟ್ಟವರ ಜೊತೆಗೇ ಹಾಕಿದ್ವಿ. ತಪ್ಪು ತಿಳ್ಕೋಬೇಡಿ."

ಬೆಂಕಿ ತಪ್ಪು ತಿಳಿಯಲಿಲ್ಲ. ಸುಕ್ಕಣ್ಣನನ್ನು ಅನಾಮತ್ತಾಗಿ ಎತ್ತಿ ಅಪ್ಪಿಕೊಂಡ. ದ್ರೋಹ ಮಾಡಿ ತಿಂಗಳಾದರೂ ಜನ ತನ್ನನ್ನು ನೆಟ್ಟಗೆ ಬೈಯುತ್ತಿಲ್ಲ, ಹೀಗೇ ಆದರೆ ತೆಗೆದುಹಾಕುತ್ತೇವೆ ಎಂದು ಮಹಾಕುಸ್ತಿಯ ಯಜಮಾನರು ಹೇಳಿದ್ದಾರಂತೆ. ಒಂದು ಇಡೀ ಲಾಂಡ್ರಿ ತನ್ನನ್ನು ಕೆಟ್ಟವನೆಂದು ತೀರ್ಮಾನಿಸಿದೆ ಎಂದು ಕೋಣೆಯವರಿಗೆಲ್ಲ ಸಾರಿದ. ಬಂಡೆ ಅವನ ಬೆನ್ನು ತಟ್ಟಿದ. ಎರಡು ಅಡಿ ಮೇಲೆ ನೇತಾಡುತ್ತಿದ್ದ ಸುಕ್ಕಣ್ಣನಿಗೆ ಒಂದೂ ಅರ್ಥವಾಗಲಿಲ್ಲ. ಬೆಂಕಿಯ ಭುಜದ ಮೇಲೊಂದು ಮಡಿಕೆ ಇತ್ತು. ಕೈ ತಾನಾಗಿ ಹೋಗಿ ಸವರಿತು.

ಯಮ ಮಾತ್ರ ಕೋಟನ್ನೇ ನೋಡುತ್ತಿದ್ದ. "ಎಷ್ಟು ಸಲ ಒಗ್ದೆ?"

"ಮೂರು ಸಲ ಒಗೆದೆ ಸಾರ್. ಹೋಗ್ಲಿಲ್ಲ."

"ಇನ್ನೊಂದ್ಸಲ ಹೇಳು."

"ಮೂರು ಸಲ ಒಗೆದೆ. ಹೋಗ್ಲಿಲ್ಲ."

ಯಮ ಕಣ್ಣು ಮುಚ್ಚಿ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡವನಂತೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಕನ್ನಡಕ ತೆಗೆದು ಬಂಡೆಯ ಕೈಗೆ ಕೊಟ್ಟು, ಕೋಟು ತೊಟ್ಟುಕೊಂಡ. ಈ ಮನೆಯವರಿಗೆಲ್ಲ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ ಎಂದು ಉಡುಪಿನ ಹೆಂಗಸಿಗೆ ಹೇಳಿದ.

ಸಂಜೆ ಕ್ರೀಡಾಂಗಣ ತುಂಬಿ ತುಳುಕಿತು. ಒಳಗೆ ಏನಾಯಿತು ಎಂದು ಮಾವ ಎಷ್ಟು ಕೇಳಿದರೂ ಸುಕ್ಕಣ್ಣ ಬಾಯಿ ಬಿಡಲಿಲ್ಲ. ಹೇಳಲು ಹೊರಟರೆ ಹಣೆಯ ಪಟ್ಟಿ ಒತ್ತುತ್ತಿದ್ದ ಆ ಹೆಬ್ಬೆರಳಿನಿಂದ ಶುರುಮಾಡಬೇಕಿತ್ತು. ಅದನ್ನು ಮಾವನಿಗೆ ಹೇಳಿ ಆಮೇಲೆ ಬದುಕಿ ಏನು ಮಾಡುವುದು. ಮೊದಲು ಬಂಡೆ ಬಂದ. ಬೆಲ್ಟು ಬೆಳಕಿನಲ್ಲಿ ಸೂರ್ಯನ ಹಾಗೆ ಉರಿಯಿತು. ಮಾವನ ಕಣ್ಣು ತುಂಬಿತು. ಆಮೇಲೆ ದೀಪಗಳೆಲ್ಲ ಆರಿ, ಒಂದೇ ಒಂದು ಬೆಳಕಿನ ಕೋಲಿನಲ್ಲಿ ಡಾಕ್ಟರ್ ಯಮ ಕಾಣಿಸಿಕೊಂಡ. ಗುಲಾಬಿಯಾಗಿ.

ಮೇಲಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಇಡೀ ಕ್ರೀಡಾಂಗಣಕ್ಕೆ ಹಬ್ಬಿತು. ಸುಕ್ಕಣ್ಣ ಕುರ್ಚಿಯಲ್ಲಿ ಕುಗ್ಗಿದ. ಯಮ ನಡೆಯುವುದನ್ನು ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅಖಾಡದ ನಡುವೆ ನಿಂತು, ಮೈಕು ತೆಗೆದುಕೊಂಡು, ನಗು ತಾನಾಗಿ ಸಾಕಾಗುವವರೆಗೆ ಕಾದ. ಆಮೇಲೆ ಬಂಡೆಯ ಕಡೆ ಬೆರಳು ತೋರಿಸಿದ.

"ಹೋದ ಶನಿವಾರ ಇವನ ಹಣೆಯಿಂದ ನನ್ನ ಕೋಟಿಗೆ ಒಂದು ಹನಿ ಬಿತ್ತು," ಎಂದ ಮೆಲ್ಲಗೆ. "ಒಂದೇ ಹನಿ. ಬೆಳಿಗ್ಗೆ ನೋಡ್ತೀನಿ, ತೋಳಿಗೆ ಹಬ್ಬಿದೆ. ಸಂಜೆಗೆ ಬೆನ್ನಿಗೆ ಹಬ್ಬಿದೆ. ಈ ಊರಲ್ಲಿ ಒಬ್ಬ ಲಾಂಡ್ರಿಯವನಿದಾನೆ. ಕೆಲಸ ಬಲ್ಲವನು, ಸುಳ್ಳು ಹೇಳಲ್ಲ. ಅವನು ಮೂರು ಸಲ ಒಗೆದ." ತೋಳನ್ನು ಎತ್ತಿ ಮೂಸಿ ನೋಡಿಕೊಂಡ. "ಹೋಗ್ಲಿಲ್ಲ."

ಗುಲಾಬಿ ಬಣ್ಣ ಎಲ್ಲರ ಕಣ್ಣೆದುರಿಗೇ ಬೇರೆ ಏನೋ ಆಗಿಹೋಗಿತ್ತು. ಮೇಲಿನ ಸಾಲಿನಲ್ಲಿ ಒಂದು ಮಗು ಅಳತೊಡಗಿತು. ಆಮೇಲೆ ಇಡೀ ಜನಸಮೂಹ ಎದ್ದು ನಿಂತು ಬೈಯಲು ಶುರುಮಾಡಿತು. ಅಷ್ಟು ಹೃತ್ಪೂರ್ವಕವಾದ ಬೈಗುಳವನ್ನು ಸುಕ್ಕಣ್ಣ ಜನ್ಮದಲ್ಲಿ ಕೇಳಿರಲಿಲ್ಲ. ಅದರ ನಡುವೆ ಯಮ ಕಣ್ಣು ಮುಚ್ಚಿ, ಮಳೆಯಲ್ಲಿ ನಿಂತವನಂತೆ ನಿಂತಿದ್ದ.

ಔಷಧಿ ಅಂಗಡಿಯವರ ಫೋನು ಬಂತು. ಟಿವಿಯ ಮುಂದಿದ್ದರು. ತಮ್ಮ ಪುಡಿ ಬರೀ ಬಣ್ಣಕ್ಕೆ ಸೋತದ್ದೇ ಇಲ್ಲ, ಆಗಲೇ ತಮಗೆ ಅನುಮಾನ ಬಂದಿತ್ತು ಎಂದರು. ಮಾವ ಅಳಿಯನ ತೋಳು ಹಿಡಿದುಕೊಂಡರು. ಬೆಂಕಿಯ ಶಾಲು ಅಷ್ಟೊಂದು ಬಣ್ಣ ಬಿಡಲು ಸಾಧ್ಯವೇ ಇಲ್ಲ ಎಂದು ತಮಗೂ ಅನ್ನಿಸಿತ್ತಂತೆ. ದಫೇದಾರರು ಇನ್‌ಸ್ಪೆಕ್ಟರಿಗೆ ತಿಳಿಸಲು ಓಡಿದ್ದಾರೆ ಎಂದು ಫೋನಿನಿಂದ ಕೇಳಿಸಿತು.

ಶಾಲಿನಿಂದ ಬಣ್ಣ ಇಳಿಯುವುದನ್ನು ಸುಕ್ಕಣ್ಣ ಗಾಜಿನ ಮೂಲಕ ಸ್ವತಃ ಕಂಡಿದ್ದ. ಇಡೀ ಕ್ರೀಡಾಂಗಣದಲ್ಲಿ ಹೆದರಬೇಕಾದ ಅಗತ್ಯ ಇಲ್ಲದಿದ್ದವನು ಅವನೊಬ್ಬನೇ. ಆದರೂ ಅವನ ಮೈಯ ರೋಮವೆಲ್ಲ ನಿಂತಿತ್ತು.

ಗಂಟೆ ಹೊಡೆಯಿತು. ಯಮ ಬಂಡೆಯ ನಾಡಿ ಹಿಡಿದ, ತಲೆಯಾಡಿಸಿದ. ಆಮೇಲೆ ಆದದ್ದನ್ನು ಬೀದಿಯವರು ವರ್ಷಗಟ್ಟಲೆ ಹೇಳಿದರು. ಸುಕ್ಕಣ್ಣ ನೋಡಿದ್ದು ಬೇರೆ. ಯಮ ಪ್ರತಿ ಸಲ ಬಂಡೆಯನ್ನು ಎತ್ತಿ ಒಗೆದಾಗಲೂ ಅವನ ದೊಡ್ಡ ಅಂಗೈ ಬಂಡೆಯ ತಲೆಯ ಹಿಂದೆ ಇರುತ್ತಿತ್ತು. ಪ್ರತಿ ಸಲ ತಾನು ಬಿದ್ದಾಗಲೂ ನೋಯುವ ಆ ಕುತ್ತಿಗೆಯ ಮೇಲೇ ಬೀಳುತ್ತಿದ್ದ. ಕೊನೆಗೆ ಬಂಡೆ ಅವನನ್ನು ಹೆಗಲಿಗೇರಿಸಿ ಕೆಡವಿದ. ಬೆಲ್ಟು ಉಳಿಯಿತು. ಸೂರು ಹಾರಿಹೋಗುವಂತೆ ಜನ ಕೂಗಿದರು. ಯಮನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಕೋಟನ್ನು ಮೈಮೇಲೆ ಹೊದಿಸಿ, ಅವರ ಸಾಲಿನ ಮುಂದೆಯೇ ಹೊತ್ತುಕೊಂಡು ಹೋದರು. ಬೈಯಲೆಂದು ಎದ್ದ ಮಾವ, ಬೈಯದೆ ಸುಮ್ಮನೆ ನಿಂತರು.

ಹೊತ್ತೊಯ್ಯುವಾಗ ಕೋಟಿನ ತೋಳೊಂದು ಹೊರಗೆ ಜಾರಿ ಸುಕ್ಕಣ್ಣನ ಹೆಂಡತಿಯ ಮೊಣಕೈಗೆ ತಾಕಿತು. ಅವಳು ಕೈಯನ್ನು ಕಾದ ಇಸ್ತ್ರಿ ಪೆಟ್ಟಿಗೆ ತಾಕಿದಂತೆ ಹಿಂದಕ್ಕೆ ಎಳೆದುಕೊಂಡಳು. ನಾಟಕ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವಳು ಗಂಡನ ಹತ್ತಿರ ಸರಿದು, ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಜ ಹೇಳ್ರಿ," ಎಂದಳು ಪಿಸುದನಿಯಲ್ಲಿ. "ಅದು ಶಾಲಿನ ಬಣ್ಣಾನೇ ತಾನೆ?"

ಸುಕ್ಕಣ್ಣ ಸ್ಟ್ರೆಚರು ಓಣಿಯೊಳಗೆ ಮರೆಯಾಗುವವರೆಗೆ ಅದನ್ನೇ ನೋಡಿದ. ಹಣೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ.

"ಮೂರು ಸಲ ಒಗೆದೆ ಕಣೆ," ಎಂದ. "ಹೋಗ್ಲಿಲ್ಲ."